ಮುಂದಿನ ಸಾಲು ಯಾರದು?

ಕಳೆದ ಸಂಚಿಕೆಯನ್ನು ಓದಿದ ಒಬ್ಬ ತಾಯಿ ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗಳು ಇಲ್ಲಿಯ ಒಂದು ಕಾಲೇಜಿನಲ್ಲಿ ಬಿ.ಕಾಂ. ಎರಡನೆಯ ವರ್ಷದಲ್ಲಿದ್ದಾಳೆ, ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡುತ್ತಾಳೆ. ಅಂತರ್ಕಾಲೇಜು ಪಂದ್ಯಗಳಲ್ಲಿ ಈ ಸಲ ಅವಳ ತಂಡ ಕೊನೆಯ ಸುತ್ತಿನವರೆಗೆ ಹೋಗಿ ಗೆದ್ದಿತು. ಸಂಜೆ ಮನೆಗೆ ಬಂದ ಮಗಳನ್ನು, ‘ಹೆಂಗಾತವಾ ಆಟ?’ ಎಂದು ಕೇಳಿದರೆ, ‘ಗೆದ್ವಿ. ಆದ್ರ ನೋಡಾವರ ಯಾರೂ ಇರ್ಲಿಲ್ಲ ಬಿಡವ್ವಾ’ ಎಂದು ಹೇಳಿ ಒಳಗೆ ಹೋದಳಂತೆ. ಮುಂದಿನ ವರ್ಷ ಆಟ ಬಿಡುತ್ತೇನೆ ಎನ್ನುತ್ತಿದ್ದಾಳೆ. ‘ಬಿಡಲಿ ಎನ್ನಲೋ, ಆಡು ಎನ್ನಲೋ? ನೀವೇ ಹೇಳಿರಿ’ ಎಂದು ಆ ತಾಯಿ ಕೇಳಿದ್ದಾರೆ.

ಆಡು ಎನ್ನಿರಿ ತಾಯಿ. ಇದಕ್ಕೆ ಎರಡನೆಯ ಮಾತಿಲ್ಲ. ಆದರೆ ಹುಡುಗಿ ಹೇಳಿದ ಮಾತು ಹಟದ ಮಾತಲ್ಲ, ನಿಜದ ಮಾತು. ಗೆದ್ದವರನ್ನು ನೋಡುವ ಕಣ್ಣು ಇಲ್ಲದಿದ್ದರೆ ಗೆಲುವು ಅರ್ಧ ಗೆಲುವು. ಮದುವೆಯನ್ನು ನಾಲ್ಕು ಜನರ ಮುಂದೆ ಏಕೆ ಮಾಡುತ್ತೇವೆ? ಹಾಡುಗಾರ ಖಾಲಿ ಗೋಡೆಯ ಮುಂದೆ ಏಕೆ ಹಾಡುವುದಿಲ್ಲ? ಹದಿನೆಂಟು ಹತ್ತೊಂಬತ್ತರ ಮಕ್ಕಳು ಬೆಳಿಗ್ಗೆ ಐದಕ್ಕೆ ಎದ್ದು, ಮೊಣಕಾಲು ಕೆತ್ತಿಸಿಕೊಂಡು, ಅಭ್ಯಾಸ ಮಾಡಿ, ಕಡೆಗೆ ಒಂದು ದಿನ ಅಂಗಳಕ್ಕೆ ಇಳಿದರೆ ಅಲ್ಲಿ ಇರುವವರು ಇಬ್ಬರು ಪಂಚರು, ಅಂಕ ಬರೆಯುವ ಒಬ್ಬ ಗುಮಾಸ್ತ, ಚಹದ ಕಿಟ್ಲಿ ಹಿಡಿದ ಹುಡುಗ, ಒಂದು ನಾಯಿ! ಇದನ್ನು ಈ ಸಲ ನಾವು ಕೊಂಚ ವಿಚಾರ ಮಾಡೋಣ.

ನಮ್ಮ ಕಾಲೇಜುಗಳಲ್ಲಿ ಪಂದ್ಯದ ದಿನದ ವ್ಯವಸ್ಥೆಯನ್ನು ಕಂಡವರಿಗೆ ಗೊತ್ತು. ಅಂಗಳದ ನಡುಮಧ್ಯದ ಗೆರೆಗೆ ಎದುರಾಗಿ ಒಂದು ಪೆಂಡಾಲು. ಅದರ ಕೆಳಗೆ ಮುಂದಿನ ಸಾಲಿನಲ್ಲಿ ಬಿಳಿಯ ಹೊದಿಕೆ ಹಾಕಿದ ಸೋಫಾಗಳು, ಮುಂದೆ ಮೇಜು, ಮೇಜಿನ ಮೇಲೆ ಹೂದಾನಿ ಹಾಗೂ ನೀರಿನ ಬಾಟಲಿಗಳು. ಎರಡನೆಯ ಸಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಅವು ಅಧ್ಯಾಪಕರಿಗೆ. ಆಮೇಲೆ ಒಂದು ಹಗ್ಗ. ಹಗ್ಗದ ಆಚೆ, ಬಿಸಿಲಿನಲ್ಲಿ, ನಿಂತುಕೊಂಡು, ವಿದ್ಯಾರ್ಥಿಗಳು. ಮುಖ್ಯ ಅತಿಥಿಗಳು ಬರುತ್ತಾರೆ, ಚೆಂಡನ್ನು ಒಮ್ಮೆ ಬುಟ್ಟಿಯತ್ತ ಎಸೆಯುತ್ತಾರೆ, ಅದು ಬುಟ್ಟಿಗೆ ಬೀಳುವುದಿಲ್ಲ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಶಾಲು ನಾರಿಕೇಳ ಸ್ವೀಕರಿಸಿ, ಕ್ರೀಡೆಯಿಂದ ಶಿಸ್ತು ಬರುತ್ತದೆಂದು ಇಪ್ಪತ್ತು ನಿಮಿಷ ಹೇಳಿ, ಬೇರೊಂದು ಸಮಾರಂಭಕ್ಕೆ ಹೊರಡುತ್ತಾರೆ. ಅವರ ಹಿಂದೆ ಅರ್ಧ ಅಧ್ಯಾಪಕರೂ ಎದ್ದು ಹೋಗುತ್ತಾರೆ. ಆಮೇಲೆ ಆಟ ಆರಂಭವಾಗುತ್ತದೆ. ಆಟವನ್ನು ನೋಡುವವರು ಯಾರು? ಸೋಫಾಗಳು!

ಆ ಖಾಲಿ ಸೋಫಾಗಳ ಮೇಲೆ ಹುಡುಗರು ಕೂಡ್ರುವಂತಿಲ್ಲ. ಹಗ್ಗದ ಆಚೆಯಿಂದ ಅವರಿಗೆ ಆಟ ಸರಿಯಾಗಿ ಕಾಣುವುದಿಲ್ಲ. ಸ್ವಲ್ಪ ಹೊತ್ತು ನಿಂತು, ಕಾಲು ಸೋತು, ಕ್ಯಾಂಟೀನಿನ ಕಡೆ ನಡೆಯುತ್ತಾರೆ. ಆಗ ನಾವು ಹೇಳುವುದೇನು? ‘ಈಗಿನ ಹುಡುಗರಿಗೆ ಆಟದಲ್ಲಿ ಆಸಕ್ತಿಯೇ ಇಲ್ಲ!’

ಬಾಸ್ಕೆಟ್‌ಬಾಲ್ ಹುಟ್ಟಿದಂದಿನಿಂದಲೂ ನೋಡುವವರ ಮಗ್ಗುಲಲ್ಲೇ ಬೆಳೆದ ಆಟ. ಅದು ಹುಟ್ಟಿದ್ದು ೧೮೯೧ರ ಡಿಸೆಂಬರಿನಲ್ಲಿ, ಅಮೇರಿಕೆಯ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ. ಚಳಿಗಾಲದಲ್ಲಿ ಹೊರಗೆ ಆಡಲಾಗದ ತರುಣರನ್ನು ಹೇಗೆ ಸುಧಾರಿಸುವುದೆಂದು ತಿಳಿಯದೆ ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರು ವೈ.ಎಂ.ಸಿ.ಎ.ದ ವ್ಯಾಯಾಮಶಾಲೆಯಲ್ಲಿ ಎರಡು ಹಣ್ಣಿನ ಬುಟ್ಟಿಗಳನ್ನು ಮೇಲಿನ ಗ್ಯಾಲರಿಯ ಕಟಕಟೆಗೆ ಹೊಡೆಸಿದರು. ಕಟಕಟೆ ಹತ್ತು ಅಡಿ ಎತ್ತರದಲ್ಲಿತ್ತು. ಇಂದಿಗೂ ಬುಟ್ಟಿಯ ಎತ್ತರ ಹತ್ತೇ ಅಡಿ. ಗ್ಯಾಲರಿಯಲ್ಲಿ ನೋಡಲು ನಿಂತವರು ಸುಮ್ಮನಿದ್ದಾರೆಯೆ? ತಮ್ಮವರ ಚೆಂಡು ಬಂದರೆ ಒಳಗೆ ತಳ್ಳುವುದು, ಎದುರಾಳಿಯ ಚೆಂಡು ಬಂದರೆ ಹೊರಗೆ ನೂಕುವುದು! ಈ ಉಪದ್ರವವನ್ನು ತಡೆಯಲೆಂದೇ ಬುಟ್ಟಿಯ ಹಿಂದೆ ಹಲಗೆ ಬಂದಿತು. ಇಂದು ಆಟಗಾರರು ಚೆಂಡನ್ನು ಬಡಿದು ಜಾಣತನದಿಂದ ಬುಟ್ಟಿಗೆ ಇಳಿಸುವ ಆ ಹಲಗೆ ಮೊದಲು ಬಂದದ್ದು ಪ್ರೇಕ್ಷಕರ ಕೈಗೆ ಅಡ್ಡವಾಗಿ. ಮುಂದೆ ಕೆಲವು ಕಾಲ ಅಲ್ಲಿ ಅಂಗಳದ ಸುತ್ತಲೂ ತಂತಿಯ ಬಲೆಯನ್ನೇ ಕಟ್ಟಿ ಆಡಿಸುತ್ತಿದ್ದರು. ನಮ್ಮ ದೇಶದಲ್ಲಿ ಈ ಆಟವನ್ನು ಹರಡಿದವರೂ ವೈ.ಎಂ.ಸಿ.ಎ.ದವರೇ. ಹ್ಯಾರಿ ಬಕ್ ಎಂಬವರು ೧೯೨೦ರಲ್ಲಿ ಮದರಾಸಿನಲ್ಲಿ ತೆರೆದ ವ್ಯಾಯಾಮ ಶಿಕ್ಷಣದ ಶಾಲೆಯಿಂದ ಕಲಿತು ಬಂದ ಮಾಸ್ತರರು ದಕ್ಷಿಣದ ಊರೂರಿಗೆ ಚೆಂಡು ಒಯ್ದರು. ಚೆಂಡು ಬಂದಿತು, ಬುಟ್ಟಿ ಬಂದಿತು, ಹಲಗೆಯೂ ಬಂದಿತು. ಪ್ರೇಕ್ಷಕರು ಮಾತ್ರ ಅಲ್ಲಿಯೇ ಉಳಿದರೋ ಏನೋ.

‘ಕೂಗಿದರೆ ಚೆಂಡು ಬುಟ್ಟಿಗೆ ಬೀಳುತ್ತದೆಯೆ?’ ಎಂದು ಯಾರಾದರೂ ಕೇಳಬಹುದು. ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ೨೦೦೨ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ೪೦ ಜನ ಫುಟ್‌ಬಾಲ್ ಪಂಚರಿಗೆ ಒಂದೇ ಪಂದ್ಯದ ಚಿತ್ರವನ್ನು ತೋರಿಸಿದರು. ಕೆಲವರಿಗೆ ಜನರ ಗದ್ದಲದೊಡನೆ, ಕೆಲವರಿಗೆ ಸದ್ದಿಲ್ಲದೆ. ಗದ್ದಲ ಕೇಳಿದವರು ಆ ಊರಿನ ತಂಡದ ಮೇಲೆ ಹೊರಿಸಿದ ತಪ್ಪುಗಳು ಉಳಿದವರಿಗಿಂತ ನೂರಕ್ಕೆ ೧೫ರಷ್ಟು ಕಡಿಮೆ! ೨೦೨೦ರಲ್ಲಿ ಕೊರೋನಾ ಹಾವಳಿಯಿಂದ ಯುರೋಪಿನ ಕ್ರೀಡಾಂಗಣಗಳು ಬರಿದಾಗಿ, ಖಾಲಿ ಕುರ್ಚಿಗಳ ಮುಂದೆ ಪಂದ್ಯಗಳು ನಡೆದವಷ್ಟೆ. ಆಗ ತವರಿನ ತಂಡಕ್ಕೆ ಎಂದಿನಿಂದ ಇದ್ದ ಮೇಲುಗೈ ಕುಗ್ಗಿತು. ಪಂಚರು ಹೊರಗಿನ ತಂಡಕ್ಕೆ ಎಚ್ಚರಿಕೆಯ ಚೀಟಿ ತೋರಿಸುವುದೂ ಕಡಿಮೆಯಾಯಿತು. ಜನರ ದನಿಗೆ ತೂಕವಿದೆ ಎಂಬುದಕ್ಕೆ ಇಷ್ಟು ಸಾಕು. ತೂಕವಿರುವುದರಿಂದಲೇ ಅದನ್ನು ನ್ಯಾಯವಾಗಿ ಬಳಸಬೇಕೆಂಬುದಕ್ಕೂ ಇದೇ ಆಧಾರ.

ಅಮೇರಿಕೆಯ ಕಾಲೇಜುಗಳಲ್ಲಿ ಈ ಆಟಕ್ಕೆ ಸೇರುವ ಜನ ನಮ್ಮ ಜಾತ್ರೆಯನ್ನು ನೆನಪಿಸುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರನ್ ಮಂದಿರ ೧೯೪೦ರಲ್ಲಿ ಕಟ್ಟಿದ್ದು. ಅಲ್ಲಿ ಕೂಡ್ರುವ ಅವಕಾಶ ೯,೩೧೪ ಜನರಿಗೆ, ಅಂಥ ದೊಡ್ಡದೇನಲ್ಲ. ಆದರೆ ಒಂದು ವಿಶೇಷವಿದೆ. ಹಣವುಳ್ಳ ಹಳೆಯ ವಿದ್ಯಾರ್ಥಿಗಳಿಗೆ ಮೇಲಿನ ಜಾಗ; ಅಂಗಳಕ್ಕೆ ಅಂಟಿದ ಕೆಳಗಿನ ಹಲಗೆಗಳು ವಿದ್ಯಾರ್ಥಿಗಳಿಗೆ. ಆ ಜಾಗಕ್ಕಾಗಿ ಹುಡುಗರು ೧೯೮೬ರಿಂದ ಮಂದಿರದ ಹೊರಗೆ ಡೇರೆ ಹೊಡೆದು ಚಳಿಯಲ್ಲಿ ದಿನಗಟ್ಟಲೆ ಕಾಯುತ್ತಾರೆ. ಹೀಗೆ ಮುಂದಿನ ಸಾಲು ಎಳೆಯರದಾದ್ದರಿಂದಲೇ ಅಲ್ಲಿಯ ಗದ್ದಲ ದೇಶಪ್ರಸಿದ್ಧವಾಯಿತು.

ಗದ್ದಲ ಎಂದರೆ ಮರ್ಯಾದೆ ತಪ್ಪುವ ಭಯವೂ ಇದ್ದೇ ಇದೆ. ಅಲ್ಲಿಯೂ ತಪ್ಪಿತು. ೧೯೮೪ರ ಜನವರಿಯ ಒಂದು ಪಂದ್ಯದಲ್ಲಿ ಹುಡುಗರು ಎದುರಾಳಿಯೊಬ್ಬನ ಮೇಲೆ ಹೇಸಿಗೆಯ ಮಾತುಗಳನ್ನಾಡಿ, ಆಡಬಾರದ ಚೇಷ್ಟೆ ಮಾಡಿದರು. ಪತ್ರಿಕೆಗಳಲ್ಲಿ ಛೀಮಾರಿಯಾಯಿತು. ವಿಶ್ವವಿದ್ಯಾಲಯದ ಅಧ್ಯಕ್ಷರಾಗಿದ್ದ ಟೆರಿ ಸ್ಯಾನ್‌ಫರ್ಡ್ ಅವರು ಹಿಂದೆ ಆ ಪ್ರಾಂತದ ಗವರ್ನರರಾಗಿದ್ದವರು. ಅವರು ಪೋಲೀಸರನ್ನು ಕರೆಯಲಿಲ್ಲ, ಮುಂದಿನ ಸಾಲಿಗೆ ಹಗ್ಗ ಕಟ್ಟಲಿಲ್ಲ. ವಿದ್ಯಾರ್ಥಿಗಳಿಗೆಲ್ಲ ಒಂದು ಪತ್ರ ಬರೆದರು: ಕೂಗಿರಿ, ಆದರೆ ಜಾಣತನದಿಂದ ಕೂಗಿರಿ, ಹೊಲಸು ಬೇಡ ಎಂಬ ಭಾವದ ಪತ್ರ. ಕೆಳಗೆ ಸಹಿ, ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ಟೆರಿ ಕಾಕಾ’ ಎಂದು. ಮುಂದಿನ ಪಂದ್ಯಕ್ಕೆ ಹುಡುಗರು ಹೇಗೆ ಬಂದರು ಗೊತ್ತೆ? ತಲೆಯ ಮೇಲೆ ತಗಡಿನ ಹಾಳೆಯ ಪ್ರಭಾವಳಿ ಕಟ್ಟಿಕೊಂಡು, ದೇವದೂತರ ವೇಷದಲ್ಲಿ! ಪಂಚರು ತಮಗೆ ಸೇರದ ತೀರ್ಪು ಕೊಟ್ಟಾಗ ಬೈಗಳ ಬದಲು ಸಾವಿರ ಕಂಠದಿಂದ, ‘ತಮ್ಮ ಮಾತಿಗೆ ನಮ್ಮ ಸವಿನಯ ಭಿನ್ನಮತವಿದೆ’ ಎಂಬರ್ಥದ ಘೋಷ! ಮಕ್ಕಳನ್ನು ದೂರ ತಳ್ಳಿ ತಿದ್ದುವುದಕ್ಕಿಂತ ಹತ್ತಿರ ಕೂಡ್ರಿಸಿಕೊಂಡು ತಿದ್ದುವುದು ಸುಲಭವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇಂಡಿಯಾನಾ ಪ್ರಾಂತದ ಟೇಲರ್ ಎಂಬ ಸಣ್ಣ ವಿಶ್ವವಿದ್ಯಾಲಯದ ಪದ್ಧತಿ ಇನ್ನೂ ಮೋಜಿನದು. ಪ್ರತಿ ಡಿಸೆಂಬರಿನಲ್ಲಿ, ಪರೀಕ್ಷೆಗೆ ಮೊದಲಿನ ಶುಕ್ರವಾರ, ಸಭಾಗೃಹ ತುಂಬಿರುತ್ತದೆ, ಆದರೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ತಮ್ಮ ತಂಡಕ್ಕೆ ಹತ್ತನೆಯ ಅಂಕ ಬರುವ ತನಕ ಯಾರೂ ಪಿಟ್ಟೆನ್ನುವುದಿಲ್ಲ. ಹತ್ತನೆಯ ಅಂಕ ಬಿದ್ದೊಡನೆ ಕಟ್ಟೆಯೊಡೆದ ಕೆರೆ! ಎಲ್ಲಿ ಸುಮ್ಮನಿರಬೇಕೆಂದು ಗೊತ್ತಿದ್ದವನಿಗೇ ಎಲ್ಲಿ ಕೂಗಬೇಕೆಂಬುದೂ ಗೊತ್ತಿರುತ್ತದೆ.

ಈ ವಿದ್ಯೆಯನ್ನು ಕಲಿಯಲು ಅಮೇರಿಕೆಗೆ ಹೋಗಬೇಕಾಗಿಲ್ಲ. ಸದಾಶಿವ ಪೇಠೆಯ ಭರತ ನಾಟ್ಯ ಮಂದಿರಕ್ಕೆ ಹೋದರೆ ಸಾಕು. ಮಹಾರಾಷ್ಟ್ರೀಯ ಕಲೋಪಾಸಕದವರು ೧೯೬೩ರಿಂದ ನಡೆಸುತ್ತ ಬಂದಿರುವ ಪುರುಷೋತ್ತಮ ಕರಂಡಕದ ಏಕಾಂಕ ನಾಟಕಗಳ ಸ್ಪರ್ಧೆಗೆ ನಮ್ಮ ಮನೆಗಳ ಮಕ್ಕಳೂ ಹೋಗುತ್ತಾರೆ. ಒಂದು ನಾಟಕಕ್ಕೂ ಇನ್ನೊಂದಕ್ಕೂ ನಡುವೆ ಅಲ್ಲಿ ಕಿವಿ ಕಿವುಡಾಗುವಷ್ಟು ಕೂಗು. ಈ ದನಿ ಯಾರದೆಂದು ಒಬ್ಬ ಕೇಳುವುದು, ಉಳಿದವರು ಒಕ್ಕೊರಲಿನಿಂದ ತಮ್ಮ ಕಾಲೇಜಿನ ಹೆಸರು ಹೇಳುವುದು, ಆ ಕಡೆಯಿಂದ ಎದುರು ಘೋಷ. ಪರದೆ ಸರಿದ ಮೇಲೆ ಅದೇ ಹುಡುಗರು ನಾಟಕ ನೋಡುತ್ತಾರೆ. ಇವರೇ ಅಲ್ಲವೆ, ಕ್ರೀಡಾಂಗಣದಲ್ಲಿ ಆಸಕ್ತಿಯಿಲ್ಲದವರೆಂದು ನಾವು ಹೇಳುವ ಹುಡುಗರು? ನಾಟಕಕ್ಕೆ ಕೂಗುವ ಗಂಟಲು ಆಟಕ್ಕೆ ಬತ್ತಿಹೋಗುತ್ತದೆಯೆ? ಅಲ್ಲಿ ಅವರಿಗೆ ಕೂಡ್ರಲು ಜಾಗವಿದೆ, ನೆರಳಿದೆ, ನಾಟಕ ಕಾಣುತ್ತದೆ, ತಮ್ಮವರೆಲ್ಲ ಒಂದೆಡೆ ಸೇರುತ್ತಾರೆ. ಇಲ್ಲಿ ಇವಾವುವೂ ಇಲ್ಲ. ವ್ಯತ್ಯಾಸವಿಷ್ಟೆ.

ಕೂಡ್ರಿಸುವ ಕಲೆಯಲ್ಲಿಯೂ ನಮ್ಮ ಹಿರಿಯರು ಹಿಂದೆ ಬಿದ್ದವರಲ್ಲ. ಕೊಲ್ಲಾಪುರದ ಖಾಸಬಾಗ ಕುಸ್ತಿ ಮೈದಾನವನ್ನು ನಮ್ಮಲ್ಲಿ ಬೆಳಗಾವಿಯ ಕಡೆಯವರು ಅನೇಕರು ನೋಡಿರಬಹುದು. ಶಾಹೂ ಮಹಾರಾಜರು ೧೯೧೨ರ ಹೊತ್ತಿಗೆ ಕಟ್ಟಿಸಿದ ಈ ಮೈದಾನ ಬೋಗುಣಿಯ ಹಾಗಿದೆ. ನಡುವೆ ಕೆಂಪು ಮಣ್ಣಿನ ಕಣ, ಸುತ್ತಲೂ ಏರುತ್ತ ಹೋಗುವ ನೆಲ. ಹಿಂದೆ ಕುಳಿತ ರೈತನಿಗೂ ಜಟ್ಟಿಯ ಪಟ್ಟು ಕಾಣುತ್ತದೆ. ಮುಂದಿನವನ ರುಮಾಲು ಅಡ್ಡ ಬರುವುದಿಲ್ಲ. ನಮ್ಮ ಕುಂದಗೋಳದ ಸವಾಯಿ ಗಂಧರ್ವರ ಸ್ಮರಣೆಗೆ ಅವರ ಶಿಷ್ಯರಾದ ಗದುಗಿನ ಭೀಮಸೇನ ಜೋಶಿಯವರು ೧೯೫೩ರಲ್ಲಿ ಇಲ್ಲಿ ಆರಂಭಿಸಿದ ಸಂಗೀತೋತ್ಸವದಲ್ಲಿ ನೆಲದ ಮೇಲಿನ ಬೈಠಕ್ಕಿಗೆ ಕಡಿಮೆ ದರದ ಟಿಕೇಟು. ಹಣ ಕಡಿಮೆಯಿದ್ದು ಅಭಿರುಚಿ ಹೆಚ್ಚಿದ್ದವರೆಲ್ಲ ಅಲ್ಲಿ ಚಕ್ಕಳಮಕ್ಕಳ ಹಾಕಿ ಕೂಡುತ್ತಾರೆ. ‘ಕ್ಯಾ ಬಾತ್’ ಎಂಬ ಉದ್ಗಾರ ಹುಟ್ಟುವುದು ಹೆಚ್ಚಾಗಿ ಆ ನೆಲದಿಂದಲೇ, ಸೋಫಾದಿಂದಲ್ಲ.

ಇನ್ನು ಉಪಾಯಕ್ಕೆ ಬರೋಣ. ಸಭಾಗೃಹ ಕಟ್ಟಿಸಿರೆಂದು ನಾನು ಹೇಳುವುದಿಲ್ಲ. ಅದಕ್ಕೆ ಕೋಟಿಗಟ್ಟಲೆ ಬೇಕು. ನಾನು ಹೇಳುವುದಕ್ಕೆ ಎರಡು ಜಮಖಾನೆ, ಇಪ್ಪತ್ತು ಬೆಂಚು ಸಾಕು.

ಬಾಸ್ಕೆಟ್‌ಬಾಲ್ ಅಂಗಳದ ಉದ್ದ ೨೮ ಮೀಟರು, ಅಗಲ ೧೫ ಮೀಟರು. ಗೆರೆಯ ಹೊರಗೆ ಸುತ್ತಲೂ ೨ ಮೀಟರು ಬರಿದಾಗಿ ಬಿಡಬೇಕೆಂದು ನಿಯಮ. ಓಡಿ ಬಂದ ಆಟಗಾರ ಯಾರ ಮೇಲೂ ಬೀಳಬಾರದು. ಉದ್ದದ ಒಂದು ಬದಿಯಲ್ಲಿ ಅಂಕದ ಮೇಜು ಮತ್ತು ತಂಡಗಳ ಬೆಂಚುಗಳಿರುತ್ತವೆ. ಅದರ ಎದುರಿನ ಬದಿಯನ್ನು ಪೂರ್ತಿಯಾಗಿ ವಿದ್ಯಾರ್ಥಿಗಳಿಗೆ ಬಿಡಿರಿ. ಒಬ್ಬರಿಗೆ ಒಂದೂವರೆ ಅಡಿ ಎಂದರೂ ೨೮ ಮೀಟರಿನ ಒಂದು ಸಾಲಿಗೆ ಅರುವತ್ತು ಜನ. ಮೊದಲನೆಯ ಸಾಲು ನೆಲದ ಮೇಲೆ, ಜಮಖಾನೆ ಹಾಸಿ. (ನವಲಗುಂದದ ಜಮಖಾನೆಯೇ ಆಗಬೇಕೆಂದಿಲ್ಲ, ಆದರೆ ಶೋಭೆ.) ಎರಡನೆಯ ಸಾಲು ಬೆಂಚಿನ ಮೇಲೆ. ಮೂರನೆಯ ಸಾಲು ಹಿಂದೆ ನಿಂತುಕೊಂಡು. ನೆಲದ ಮೇಲೆ ಕುಳಿತವರ ತಲೆಯ ಮೇಲಿಂದ ಬೆಂಚಿನವರು ನೋಡುತ್ತಾರೆ, ಬೆಂಚಿನವರ ತಲೆಯ ಮೇಲಿಂದ ನಿಂತವರು ನೋಡುತ್ತಾರೆ. ಒಂದು ಕಾಸಿನ ಕಟ್ಟಡವಿಲ್ಲದೆ ನೂರ ಎಂಬತ್ತು ಜನರಿಗೆ ಆಟ ಕಾಣುತ್ತದೆ. ಎರಡೂ ಕಾಲೇಜಿನವರು ಬಂದಿದ್ದರೆ ಅರ್ಧ ಅವರಿಗೆ, ಅರ್ಧ ಇವರಿಗೆ. ನಡುವೆ ನಾಲ್ಕು ಅಡಿ ಖಾಲಿ, ಅಲ್ಲಿ ಇಬ್ಬರು ಅಧ್ಯಾಪಕರು.

ಜನರನ್ನು ಚದುರಿಸಬಾರದು. ಬಯಲಿನಲ್ಲಿ ದನಿ ನಿಲ್ಲುವುದಿಲ್ಲ. ಗೋಡೆ ಮಾಡುಗಳಿದ್ದರೆ ಅದು ತಿರುಗಿ ಬರುತ್ತದೆ, ಇಲ್ಲದಿದ್ದರೆ ಹಾರಿಹೋಗುತ್ತದೆ. ದೂರ ಇಮ್ಮಡಿಯಾದಂತೆಲ್ಲ ಸದ್ದಿನ ಬಲ ನಾಲ್ಕನೆಯ ಒಂದಂಶಕ್ಕೆ ಇಳಿಯುತ್ತದೆ. ಇಪ್ಪತ್ತು ಅಡಿಯಾಚೆ ನಿಂತವನನ್ನು ಹತ್ತು ಅಡಿಗೆ ತಂದರೆ ಅವನೊಬ್ಬನೇ ನಾಲ್ವರಿಗೆ ಸಮ! ಮೇಲಾಗಿ, ಒಬ್ಬೊಬ್ಬನೇ ನಿಂತವನಿಗೆ ಕೂಗಲು ನಾಚಿಕೆ. ಮಗ್ಗುಲಲ್ಲಿ ಹತ್ತು ಜನರಿದ್ದರೆ ಮೂಕನಿಗೂ ಮಾತು ಬರುತ್ತದೆ.

ಸಮಯವನ್ನೂ ನೋಡಬೇಕು. ಹತ್ತು ಹತ್ತು ನಿಮಿಷಗಳ ನಾಲ್ಕು ಭಾಗ; ನಿಲುಗಡೆಗಳೆಲ್ಲ ಸೇರಿ ಒಂದೂವರೆ ಗಂಟೆಯ ಆಟ. ಅದನ್ನು ಬೆಳಿಗ್ಗೆ ಹನ್ನೊಂದಕ್ಕೆ, ತಾಸುಗಳು ನಡೆದಿರುವಾಗ ಇಟ್ಟರೆ ಯಾರು ಬರಬೇಕು? ಕೊನೆಯ ಪಂದ್ಯವನ್ನಾದರೂ ಸಂಜೆ ಐದಕ್ಕೆ ಇಡಲಿ. ಆರೂವರೆಗೆ ಮುಗಿಯುತ್ತದೆ, ಹುಡುಗಿಯರು ಹೊತ್ತು ಮೀರದೆ ಮನೆ ಸೇರುತ್ತಾರೆ, ಕೆಲಸದಿಂದ ಬರುವ ತಂದೆಯರು ಹಾದಿಯಲ್ಲಿ ಇಳಿದು ಅರ್ಧ ಆಟವನ್ನಾದರೂ ನೋಡುತ್ತಾರೆ. ಹುಡುಗಿಯರ ಪಂದ್ಯವನ್ನು ಮೊದಲು ಮುಗಿಸಿ ಕೈತೊಳೆದುಕೊಳ್ಳುವ ಪದ್ಧತಿಯೂ ಹೋಗಬೇಕು. ಒಂದು ವರ್ಷ ಹುಡುಗರದು ಕೊನೆಗೆ, ಒಂದು ವರ್ಷ ಹುಡುಗಿಯರದು.

ಗದ್ದಲವೆಂದರೆ ಜಗಳವಾದೀತೆಂಬ ಪ್ರಿನ್ಸಿಪಾಲರ ಭಯ ಸುಳ್ಳಲ್ಲ. ಅದಕ್ಕೆ ಹಗ್ಗ ಮದ್ದಲ್ಲ. ಪ್ರತಿ ಕಾಲೇಜಿನಿಂದ ಇಬ್ಬರು ವಿದ್ಯಾರ್ಥಿಗಳು, ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿ, ಘೋಷದ ಮುಂದಾಳುಗಳಾಗಲಿ. ತಮ್ಮವರ ಹೆಸರು ಎಷ್ಟು ಬೇಕಾದರೂ ಕೂಗಬಹುದು. ಎದುರಾಳಿಯ ಹೆಸರು, ಜಾತಿ, ಭಾಷೆ, ಮೈಬಣ್ಣಗಳ ಮಾತು ಬಂದರೆ ಆ ಕಾಲೇಜಿನವರು ಮೊದಲ ಸಾಲನ್ನು ಬಿಟ್ಟುಕೊಡಬೇಕು. ಕಳೆದುಕೊಳ್ಳಲು ಏನಾದರೂ ಇದ್ದವನೇ ಎಚ್ಚರದಿಂದ ಇರುತ್ತಾನೆ. ಹಗ್ಗದ ಆಚೆ ನಿಂತವನಿಗೆ ಕಳೆದುಕೊಳ್ಳಲು ಏನಿದೆ? ಅಧ್ಯಾಪಕರೂ ಸೋಫಾ ಬಿಟ್ಟು ಹುಡುಗರ ಮಗ್ಗುಲಲ್ಲಿ ಕೂಡಲಿ. ಗುರುಗಳು ಪಕ್ಕದಲ್ಲಿದ್ದಾಗ ಬೈಗಳು ತಾನಾಗಿಯೇ ಗಂಟಲಿನಲ್ಲಿ ಕರಗುತ್ತವೆ.

ಇಲ್ಲಿ ಕೂಗುವುದು ಮರಾಠಿಯಲ್ಲಲ್ಲವೆ ಎಂದು ಕೆಲವರು ಮುಖ ಸಣ್ಣ ಮಾಡಬಹುದು. ಮಾಡಬೇಕಾಗಿಲ್ಲ. ‘ಭಲೇ’, ‘ಶಾಭಾಸ್’ ಎಂಬ ಮಾತುಗಳು ಎರಡೂ ಭಾಷೆಗಳ ಮನೆಯ ಮಾತುಗಳೇ. ಕನ್ನಡದ ಬಾಯಿಂದ ಬಂದ ‘ಭಲೇ’ಯನ್ನು ಪುಣೆಯ ಯಾವ ಕಿವಿಯೂ ಬೇಡವೆನ್ನದು.

ಆಟದ ಫಲವೇನೆಂದು ಕೇಳುವ ಹಿರಿಯರಿಗೆ ಒಂದು ಸಂಗತಿ ಹೇಳುತ್ತೇನೆ. ೨೦೧೭ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಏಷ್ಯಾ ಮಹಿಳಾ ಕಪ್ಪಿನ ಎರಡನೆಯ ಶ್ರೇಣಿಯ ಪಂದ್ಯಗಳು ನಡೆದವು. ಕೊನೆಯ ಪಂದ್ಯದಲ್ಲಿ ನಮ್ಮ ಹುಡುಗಿಯರು ಕಜಾಕಸ್ತಾನದವರನ್ನು ೭೫-೭೩ರಿಂದ, ಒಂದೇ ಒಂದು ಬುಟ್ಟಿಯ ಅಂತರದಿಂದ ಸೋಲಿಸಿ ಮೇಲಿನ ಶ್ರೇಣಿಗೆ ಏರಿದರು. ನಮ್ಮ ಪುಣೆಯ ಶಿರೀನ್ ಲಿಮಯೆ ಭಾರತದ ಪರವಾಗಿ ಆಡಿ ಹೆಸರು ಮಾಡಿದ ಆಟಗಾರ್ತಿ. ಇಂಥವರು ಆಕಾಶದಿಂದ ಇಳಿಯುವುದಿಲ್ಲ. ಶಾಲೆ ಕಾಲೇಜುಗಳ ಸಿಮೆಂಟಿನ ಅಂಗಳಗಳಲ್ಲಿ ಆಡಿ ಮೇಲೇರುತ್ತಾರೆ. ‘ನೋಡುವವರಿಲ್ಲ’ ಎಂದು ಹತ್ತೊಂಬತ್ತಕ್ಕೇ ಚೆಂಡು ಕೆಳಗಿಟ್ಟವರ ಲೆಕ್ಕವನ್ನು ಯಾರೂ ಇಟ್ಟಿಲ್ಲ.

ಕಾಲೇಜುಗಳು ಮಾಡುವುದನ್ನು ಮಾಡಲಿ. ನಮ್ಮ ಕೈಯಲ್ಲಿಯೂ ಒಂದಿಷ್ಟಿದೆ. ಮಗ ಮಗಳು ಆಡುವ ಮನೆಯವರು ಪಂದ್ಯದ ದಿನ, ಹೊತ್ತು, ಸ್ಥಳಗಳನ್ನು ನಮ್ಮ ಸಂಘದ ಕಚೇರಿಗೆ ತಿಳಿಸಿರಿ. ಫಲಕದ ಮೇಲೆ ಬರೆಯಿಸೋಣ. ಪ್ರತಿ ಪಂದ್ಯಕ್ಕೆ ಮೂರು ಮನೆಯವರಾದರೂ ಹೋಗೋಣ. ತಾಯಂದಿರು ಒಂದು ಡಬ್ಬಿಯಲ್ಲಿ ಚೂಡಾ, ಒಂದು ತಂಬಿಗೆ ಮಜ್ಜಿಗೆ ಒಯ್ದರೆ ಸೋತವರಿಗೂ ಗೆದ್ದವರಿಗೂ ಸಮನಾಗಿ ಹಂಚಬಹುದು. ಹೋದವರು ಪೆಂಡಾಲಿನ ಕೆಳಗೆ ಹೋಗಿ ಕೂಡಬೇಡಿರಿ. ಯಾರಾದರೂ ‘ಬರ್ರಿ ಕಾಕಾ, ಸೋಫಾದ ಮ್ಯಾಲ ಕೂಡ್ರಿ’ ಎಂದು ಕರೆದರೆ, ‘ಇಲ್ಲೇ ಆರಾಮ ಅದಪಾ’ ಎಂದು ಹೇಳಿ, ಹುಡುಗರ ನಡುವೆ ಜಮಖಾನೆಯ ಮೇಲೆ ಜಾಗ ಮಾಡಿಕೊಳ್ಳಿರಿ.